ಬೇಸಗೆ ದಾಟಿದ ಅಜೋಲಾ

ಒಂಬತ್ತು ದಿನ ಜ್ವರದಲ್ಲಿ ಮಲಗಿದ್ದ ಮೂಯ್ ಗೋಡೆ ಹಿಡಿದುಕೊಂಡು ಹಿತ್ತಿಲ ಕೊಳಕ್ಕೆ ಬಂದಳು. ಆರನೇ ತಿಂಗಳು, ನಡುಬೇಸಗೆಯ ಸುಡುಬಿಸಿಲು. ಗದ್ದೆಗೆ ಗೊಬ್ಬರವಾಗುವ, ನೀರಿನ ಮೇಲೆ ತೇಲುವ ಪುಟ್ಟ ಜರಿಗಿಡ ಅಜೋಲಾಕ್ಕೆ ಬಿಸಿಲೇ ಯಮ. ಅದು ಕೆಂಪಾಗಿ ಕೊಳೆತಿರುತ್ತದೆ, ಅತ್ತೆಯ ಅತ್ತೆ ಕಾಪಾಡಿಕೊಂಡು ಬಂದ ತಳಿ ತನ್ನ ಕೈಯಲ್ಲಿ ಹಾಳಾಯಿತು ಎಂದುಕೊಂಡೇ ಬಂದಿದ್ದಳು.

ಕೊಳದ ತುಂಬ ಹಸಿರು.

ಬಿದಿರು ತಡಿಕೆಯ ನೆರಳು ಬಿದ್ದಿತ್ತು. ಕಾಲುವೆಯಿಂದ ತಣ್ಣೀರು ಹರಿದು ಬರುತ್ತಿತ್ತು. ದಟ್ಟವಾದ ಕಡೆ ಬಾಚಿ ತೆಗೆದು, ಮೇಲೆ ತೆಳ್ಳಗೆ ಒಲೆಬೂದಿ ಉದುರಿಸಲಾಗಿತ್ತು. ಮೊಣಕಾಲುದ್ದ ನೀರಲ್ಲಿ ನಿಂತ ಮಗಳು ಥೋವಾ ಬಿದಿರು ಕಡ್ಡಿಯಿಂದ ಅಜೋಲಾವನ್ನು ಮೆಲ್ಲಗೆ ಬಡಿಯುತ್ತಿದ್ದಳು. ತುಂಡಾದಷ್ಟೂ ಹೆಚ್ಚುವ ಜಾತಿ ಅದು.

ಮೂಯ್‌ಳ ಎದೆ ಉಬ್ಬಿತು. ಹಿಂದೆಯೇ ಭಯವೂ ಆಯಿತು. ಸುತ್ತಲ ಊರುಗಳಿಗೆ ಅಜೋಲಾ ಮಾರಿ ಬದುಕುವ ಈ ಊರಲ್ಲಿ ಅದನ್ನು ಬೇಸಗೆ ದಾಟಿಸುವ ವಿದ್ಯೆಯನ್ನು ಸೊಸೆಯಂದಿರಿಗೆ ಮಾತ್ರ ಕಲಿಸುತ್ತಾರೆ. ಮಗಳು ಪರವೂರಿಗೆ ಹೋಗುವವಳು. ಕೊಳದ ಕೆಲಸವಿದ್ದ ದಿನ ಥೋವಾಳನ್ನು ಸಂತೆಗೆ ಅಟ್ಟುವುದು ಮನೆಯ ರೂಢಿ. ಬರುವ ತಿಂಗಳು ಕೆಂಪು ನದಿಯಾಚೆಯ ಊರಿಗೆ ಅವಳ ಮದುವೆ.

"ಯಾರೇ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲಮ್ಮ. ಸಂತೆ ದಾರೀಲಿ ಬಿದಿರುಮೆಳೆ ಇದ್ಯಲ್ಲ, ಅಲ್ಲಿಂದ ಕೊಳ ಕಾಣುತ್ತೆ. ಎಂಟು ವರ್ಷದಿಂದ ನೋಡ್ತಿದೀನಿ."

"ಅದಕ್ಕೇನೇ ಸಂತೆಯಿಂದ ಬರೀ ಬಾಡಿದ ಸೊಪ್ಪು ತರ್ತಿದ್ದಿದ್ದು!" ಮೂಯ್ ಬೈಯಲು ಹೋಗಿ ನಕ್ಕುಬಿಟ್ಟಳು.

ಮದುವೆಯ ದಿಬ್ಬಣ ಹೊರಟಾಗ ಊರ ಹಿರಿಯಳು ಬೂಯ್ ಅಜ್ಜಿ ಪದ್ಧತಿಯಂತೆ ಮದುಮಗಳ ಗಂಟುಗಳನ್ನು ಬಿಚ್ಚಿಸಿದಳು. ಅಜೋಲಾದ ಒಂದು ಎಸಳೂ ಸಿಗಲಿಲ್ಲ.

"ಅವಳ ಟೋಪಿ ಒಳಗೂ ನೋಡ್ಬಿಡಿ ಅಜ್ಜಿ," ಎಂದಳು ಮೂಯ್. "ಆಮೇಲೆ ನನ್ನ ಮಗಳ ಮೇಲೆ ಮಾತು ಬರಬಾರ್ದು."

ಆ ವರ್ಷ ನದಿಯಾಚೆಯವರು ಎಂದಿನಂತೆ ಬಂದು ಗದ್ದೆಗೆ ಬಿಡಲು ಅಜೋಲಾ ಕೊಂಡೊಯ್ದರು. ಮರುವರ್ಷ ಬೇಸಗೆ ಕಳೆದು ಉಳಿದೆಲ್ಲ ಊರಿನ ದೋಣಿಗಳೂ ಬಂದವು, ಥೋವಾ ಸೇರಿದ ಊರಿನದು ಮಾತ್ರ ಬರಲಿಲ್ಲ.

"ನಿನ್ನ ಬೀಗರ ಊರಿಗೆ ಏನಾಯ್ತೇ? ಈ ಸಲ ಗದ್ದೆಗೆ ಗೊಬ್ಬರ ಬೇಡ್ವಂತಾ?" ಎಂದಳು ಬೂಯ್ ಅಜ್ಜಿ.

"ನಂಗೇನ್ ಗೊತ್ತಜ್ಜಿ," ಎಂದು ಮೂಯ್ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಅವರಿಗೆಂದು ತುಂಬಿಟ್ಟಿದ್ದ ಎರಡು ಬುಟ್ಟಿಗಳನ್ನು ಹೆಗಲ ಮೇಲಿನ ಅಡ್ಡೆಯಲ್ಲಿ ಹೊತ್ತು ನದಿದಂಡೆಯಿಂದ ಹಿಂದಿರುಗಿದಳು. ಭಾರವೇ ಅನ್ನಿಸಲಿಲ್ಲ. ಬಿದಿರುಮೆಳೆಯ ಬಳಿ ಅಡ್ಡೆ ಇಳಿಸಿ, ಮಗಳು ಕೂರುತ್ತಿದ್ದಿರಬಹುದಾದ ಜಾಗ ಹುಡುಕಿ ಕುಕ್ಕರಗಾಲಲ್ಲಿ ಕೂತಳು. ಗಳುಗಳ ಸಂದಿಯಲ್ಲಿ ಕೊಳ ಅಂಗೈ ನೆಲ್ಲಿಕಾಯಿಯಂತೆ ಕಾಣುತ್ತಿತ್ತು.