ದೀಕ್ಷಿತಾಳ ತವರು

"ಸತ್ತ ಮಗಳನ್ನೂ ನಿಮ್ಮ ಪಾಲಿಗೆ ಬರೆಸಿಕೊಳ್ಳುದಾ? ನಾಚಿಕೆ ಉಂಟಾ ನಿಮಗೆ?"

ನಾನು ಹೀಗೆ ಕೂಗಿದ್ದು ಪುತ್ತೂರಿನಲ್ಲಿ, ವಕೀಲೆ ದಮಯಂತಿಯವರ ಆಫೀಸಿನಲ್ಲಿ. ಎದುರಿಗೆ ಉದಯ ಕೂತಿದ್ದರು, ಇಷ್ಟು ವರ್ಷ ನನ್ನ ಜೊತೆ ಒಂದೇ ಮನೆಯಲ್ಲಿ ಬಾಳಿ ಈಗ ಬೇರೆಯಾದ ಮನುಷ್ಯ.

"ನೀನೊಬ್ಬಳದ್ದೇ ಮಗಳಲ್ಲ ಮಾರಾಯ್ತಿ," ಎಂದರು. "ಮೋಕ್ಷಿತನಿಗೆ ನೋಡಿದ ಎರಡು ಸಂಬಂಧವೂ ತಪ್ಪಿತು. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ ಎಂತ ಬಂತು? ಅಕ್ಕ ಕೂತಿದ್ದಾಳೆ, ತಮ್ಮನಿಗೆ ಹೇಗೆ ಆಗುದು ಅಂತ. ಅವಳ ಮದುವೆ ಮೊದಲು ಆಗ್ಬೇಕು."

"ನನ್ನ ಮನೆಯಿಂದ ಅವಳು ಹೊರಡುದಿಲ್ಲ."

ದೀಕ್ಷಿತಾ ನಮ್ಮ ಮೊದಲ ಮಗು. ಜ್ವರ ಬಂದು ತೊಟ್ಟಿಲಲ್ಲೇ ಹೋದಳು. ನಮ್ಮ ಕಡೆ ಸತ್ತ ಮಕ್ಕಳು ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ, ಹಾಗೇ ಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ ಮದುವೆ ಮಾಡಬೇಕು. ಬೆಳೆಯುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಐವರ್ನಾಡಿನ ನಮ್ಮ ಮನೆಯಲ್ಲಿ ಮೊದಲು ಅಂಬೆಗಾಲಿನ ಸದ್ದು ಕೇಳುತ್ತಿತ್ತು, ಆಮೇಲೆ ಓಡುವ ಸದ್ದು. ಈಗ ಮುಸ್ಸಂಜೆಗೆ ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುವ ಸದ್ದು, ಬಳೆಯ ಸದ್ದು. ಮೋಕ್ಷಿತನೂ ಅಪ್ಪನ ಜೊತೆ ಕೆದಂಬಾಡಿಗೆ ಹೋದ ಮೇಲೆ ನನಗೆ ಉಳಿದವಳು ಅವಳೊಬ್ಬಳೇ.

ದಮಯಂತಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಮನೆಯ ವಿಷಯ ಇತ್ಯರ್ಥ ಆಗಿದೆ ಅಕ್ಕಾ. ಮದುವೆ ಆಗದಿದ್ದರೂ ಹೆಂಡತಿಯ ಹಾಗೆ ಬಾಳಿದವಳನ್ನು ಸುಮ್ಮನೆ ಹೊರಗೆ ಹಾಕ್ಲಿಕ್ಕೆ ಆಗುದಿಲ್ಲ, ಅದನ್ನು ಇವರು ಒಪ್ಪಿದ್ದಾರೆ. ಮಗಳ ವಿಷಯ ಇಲ್ಲಿಗೆ ಯಾಕೆ?"

"ಅವಳ ಮೇಲೆ ಹಕ್ಕು ಯಾರಿಗೆ, ಅದು ಹೇಳಿ," ಎಂದೆ.

"ಮದುವೆ ಇಲ್ಲದೆ ಹುಟ್ಟಿದ ಮಗುವಿಗೆ ಮೊದಲು ತಾಯಿ, ಆಮೇಲೆ ತಂದೆ. ಕಾನೂನು ಹಾಗೆ ಉಂಟು. ಆದರೆ ಬದುಕಿದ್ದರೆ."

ನಾನೂ ಉದಯರೂ ಒಂದೇ ಬಳಿಯವರು, ಅಂದರೆ ತಾಯಿಯ ಕಡೆಯಿಂದ ಬರುವ ಕುಲ ಒಂದೇ. ಒಂದೇ ಬಳಿಯೆಂದರೆ ಅಣ್ಣ ತಂಗಿಯ ಲೆಕ್ಕ, ನಮಗೆ ಧಾರೆ ಎರೆಯಲು ಹಿರಿಯರು ಒಪ್ಪಲಿಲ್ಲ. ಮದುವೆಯಿಲ್ಲದೆ ಬಾಳಿದೆನೆಂದು ಊರೆಲ್ಲ ನನಗೆ ಉಗಿದಿತ್ತು. ಅದೇ ಕಾರಣಕ್ಕೆ ಕಾನೂನು ಮಗಳನ್ನು ನನಗೆ ಕೊಡುತ್ತಿತ್ತು, ಬದುಕಿದ್ದರೆ.

"ಮೋಕ್ಷಿತ ನಿನ್ನ ಮಗ ಅಲ್ವಾ?" ಉದಯ ಮೆಲ್ಲಗೆ ಕೇಳಿದರು.

ನಾನು ದಮಯಂತಿಯವರ ಕಡೆ ತಿರುಗಿ ಕೂತೆ.

"ಮದುವೆ ಆಗ್ಲಿ. ಹಾಗಾದರೆ ಒಂದು ಬರೀರಿ ಮೇಡಂ," ಎಂದೆ. "ಮೊದಲ ಆಟಿಗೆ ಅವಳು ಕೂರ್ಲಿಕ್ಕೆ ಬರುದು ನನ್ನ ಮನೆಗೆ. ಅಪ್ಪನ ಮನೆಗಲ್ಲ." ಹೊಸ ಮದುಮಗಳು ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ತವರಿಗೆ ಬಂದು ಕೂರುವುದು ನಮ್ಮ ಕ್ರಮ.

"ಇದನ್ನು ರಾಜಿಪತ್ರದಲ್ಲಿ ಬರೆದರೆ ಜಡ್ಜರು ನನ್ನನ್ನೇ ಆಸ್ಪತ್ರೆಗೆ ಕಳಿಸಿಯಾರು!"

"ಬರೆಯುದು ಬೇಡ. ನಾನು ಒಪ್ಪಿದೆ," ಎಂದರು ಉದಯ.

ಕಡಬದ ಹತ್ತಿರದ ಒಂದು ಮನೆಯಲ್ಲಿ ಹುಡುಗ ಸಿಕ್ಕಿದ. ಕೀರ್ತನ್, ಬೇರೆ ಬಳಿ, ಅವನೂ ಹಾಲು ಕುಡಿಯುವಾಗಲೇ ಹೋದವನು. ಒಂದು ಮಣೆಯ ಮೇಲೆ ಸೀರೆ, ಬಳೆ, ಕರಿಮಣಿ, ಇನ್ನೊಂದರ ಮೇಲೆ ಪಂಚೆ, ಶಲ್ಯ. ನಾನು, ಉದಯ ಜೊತೆಯಲ್ಲಿ ನಿಂತು ಧಾರೆ ಎರೆದೆವು. ನಮಗೆ ಎರೆಯದ ಹಿರಿಯರೇ ಪಕ್ಕದಲ್ಲಿ ನಿಂತು ಹೀಗೆ ಹಿಡಿ, ಹಾಗೆ ಹಿಡಿ ಎಂದರು. ಬೈಯಬೇಕೆಂದು ಬಾಯಿಗೆ ಬಂತು, ನುಂಗಿಕೊಂಡೆ. ಹುಡುಗನ ತಾಯಿ ಸೇವಂತಿ ಸೀರೆಯನ್ನು ಎದೆಗೊತ್ತಿ ನನ್ನ ಮನೆಯ ಮೆಟ್ಟಿಲಿಳಿದಳು. ನಡೆದದ್ದು ಅವಳೊಬ್ಬಳೇ. ಕೇಳಿಸಿದ್ದು ಇಬ್ಬರ ಹೆಜ್ಜೆ.

ಅಂದಿನಿಂದ ಬಚ್ಚಲು ಸುಮ್ಮನಾಯಿತು.

ಮೋಕ್ಷಿತನ ಮದುವೆಯೂ ಆಯಿತು. ಆಟಿ ಬಂತು. ಪತ್ರೊಡೆ ಮಾಡಿ ಎಲೆ ಹಾಕಿ ಬಡಿಸಿದೆ, ದಿನವೂ. ಎಲೆ ಬಾಡಿತು. ಸಿಟ್ಟು ತಡೆಯದೆ ಸೇವಂತಿಗೆ ಫೋನ್ ಮಾಡಿದೆ.

"ನನ್ನ ಮಗಳನ್ನು ಯಾಕೆ ಕಳಿಸಲಿಲ್ಲ?"



"ನಾವು ತಡೀಲಿಲ್ಲ ಅಕ್ಕಾ. ದೀಪ ಇಟ್ಟು, ಅಮ್ಮ ಕಾಯ್ತಾಳೆ ಹೋಗು ಅಂತ ಹೇಳಿಯೂ ಆಯ್ತು. ಅಟ್ಟದಲ್ಲಿ ಇಬ್ಬರೂ ನಗುದು ಕೇಳ್ತದೆ. ಅವಳಿಗೇ ಮನಸ್ಸಿಲ್ಲ ಕಾಣ್ತದೆ."

ಆಟಿ ಮುಗಿಯಿತು. ಅವಳು ಬರಲಿಲ್ಲ.