ಮೆಂತ್ಯಕ್ಕೆ ಹೊಡೆದ ಎಣ್ಣಿ

ಮಟಕಿ ಊರಿನ ಚಂದಮ್ಮನ ಮನೆಗೆ ಕಾಯಿಪಲ್ಯ ಬರುತ್ತಿದ್ದುದು ವಾರಕ್ಕೊಮ್ಮೆ, ಸಂತೆಯ ದಿನ. ಮೂರನೆಯ ದಿನಕ್ಕೆ ಸೊಪ್ಪು ಬಾಡುತ್ತಿತ್ತು. ಆಮೇಲೆ ಬರೀ ಬ್ಯಾಳಿ, ರೊಟ್ಟಿ, ಶೇಂಗಾ ಹಿಂಡಿ. ಹುಟ್ಟಿದಾಗಿನಿಂದ ಹೀಗೇ ಉಂಡು ಬಂದ ಚಂದಮ್ಮನಿಗೆ ಇದೊಂದು ತೊಂದರೆ ಅಂತ ಅನಿಸಿದ್ದೇ ಇಲ್ಲ.

ಜೂನಿನಲ್ಲಿ ಮಿರಗ ಮಳೆ ಬಿದ್ದ ವಾರ ಆಶಾ ಕಾರ್ಯಕರ್ತೆ ಮುಮತಾಜ ಮನೆಗೆ ಬಂದಳು. ಚಂದಮ್ಮನ ಸೊಸೆ ಮಧುಮತಿ ಆಗ ಮೂರು ತಿಂಗಳ ಬಸುರಿ. ತಾಯಿ ಕಾರ್ಡಿನಲ್ಲಿ ರಕ್ತ, ಅಂದರೆ ಹಿಮೋಗ್ಲೋಬಿನ್, ಎಂಟು ಅಂತ ಬರೆದಿತ್ತು.

“ಹನ್ನೊಂದರ ಮ್ಯಾಲ ಇರಬೇಕ್ರಿ ಆಯಿ. ಹಿಂಗೇ ಬಿಟ್ರ ಹೆರಿಗ್ಯಾಗ ತಾಯಿಗೂ ತ್ರಾಸ, ಕೂಸಿಗೂ ತ್ರಾಸ.”

“ರಕ್ತದ ಗುಳಗಿ ಕೊಟ್ಟೀಯಲ್ಲ, ನುಂಗ್ತಾಳ ತಗೋ.”

“ಗುಳಗಿ ಬಿಡಂಗೇ ಇಲ್ರಿ. ಅದ್ರ ಜೋಡಿ ದಿನಾ ಸೊಪ್ಪು ತಿನಬೇಕು, ಮ್ಯಾಲ ಜರಾ ನಿಂಬಿಹಣ್ಣು ಹಿಂಡ್ಕೋಬೇಕು. ನಿಮ್ಮ ಹಿತ್ತಲದಾಗ ಎರಡು ಹೊರಸು ಹಾಕಿ ಮಲಗೋವಷ್ಟು ಜಾಗ ಖಾಲಿ ಬಿದ್ದದ ನೋಡ್ರಿ.”

ಚಂದಮ್ಮನಿಗೆ ನಗು ಬಂತು. “ಹೊಲದಾಗ ದುಡದು ಬಂದು ಹಿತ್ತಲದಾಗೂ ದುಡೀಲೇನ ಬೇ? ಬಂಗ್ಲೆದವ್ರಂಗ ಗಾರ್ಡನ್ ಮಾಡಿ, ಕುರ್ಚಿ ಹಾಕ್ಕೊಂಡು ಕುಂಡರಲೇನ?”

“ಕುರ್ಚಿ ನಾ ತರ್ತೇನಿ, ಬೀಜ ನೀವು ಹಾಕ್ರಿ.”

ಮುಮತಾಜಳ ಬಾಯಿ ಮುಚ್ಚಿಸಲಿಕ್ಕಾದರೂ ಆಯಿತು ಅಂತ ಚಂದಮ್ಮ ಗುದ್ದಲಿ ಹಿಡಿದಳು. ಕಪ್ಪು ಎರಿ ಮಣ್ಣಿನಲ್ಲಿ ಮಳೆನೀರು ನಿಂತು ಬೇರು ಕೊಳೆಯುತ್ತದೆ. ಅದಕ್ಕೇ ಮಡಿಗಳನ್ನು ಗೇಣೆತ್ತರ ಏರಿಸಿ, ತಿಪ್ಪೆಯ ಹಳೇ ಗೊಬ್ಬರ ಬೆರೆಸಿ, ಪುಂಡಿ ಸೊಪ್ಪು, ಬೆಂಡಿ, ಚವಳಿಕಾಯಿ ಹಾಕಿದಳು. ಬೇಲಿಗೆ ಹೀರೆಬಳ್ಳಿ ಹಬ್ಬಿಸಿದಳು. ಹೀರೆಹೂ ಸಂಜೆಗೆ ಅರಳುತ್ತದೆ ಎಂಬುದು ಅರವತ್ತು ವರ್ಷದ ಆಕೆಗೆ ಆಗಲೇ ಗೊತ್ತಾದದ್ದು. ದಿನಾ ಸಂಜೆ ಬೇಲಿಯ ಹತ್ತಿರ ಕುಳಿತು, ಹಳದಿ ಹೂ ಒಂದೊಂದೇ ಬಿಚ್ಚಿಕೊಳ್ಳುವುದನ್ನು ನೋಡುವುದು ರೂಢಿಯಾಯಿತು.

“ಕುರ್ಚಿ ಬೇಕೇನ್ರಿ ಅತ್ತಿ?” ಎಂದು ಮಧುಮತಿ ಕಿಚಾಯಿಸುತ್ತಿದ್ದಳು.

ಮಳೆಗಾಲ ಮುಗಿಯುತ್ತ ಬಂದಾಗ ಪುಂಡಿ ಬಲಿತಿತ್ತು. ಅದನ್ನು ಕಿತ್ತು ಹಿಂಗಾರಿಗೆ ಮೆಂತ್ಯ, ಪಾಲಕ, ಕೊತಂಬರಿ ಹಾಕಿದರು. ಏಳನೆಯ ತಿಂಗಳ ತಪಾಸಣೆಯಲ್ಲಿ ಮಧುಮತಿಯ ರಕ್ತ ಒಂಬತ್ತೂವರೆಗೆ ಏರಿತ್ತು.

ಅಷ್ಟರಲ್ಲಿ ಮೆಂತ್ಯಕ್ಕೆ ಎಲೆಯ ರಸ ಹೀರುವ ಹೇನು ಹತ್ತಿದವು. ಓಣಿಯಲ್ಲಿ ಹೊರಟಿದ್ದ ಮುಮತಾಜಳನ್ನು ಚಂದಮ್ಮ ನಿಲ್ಲಿಸಿ ಕೇಳಿದಳು. “ಬೇವಿನ ಎಣ್ಣಿ ಹೊಡೀರಿ ಆಯಿ,” ಎಂದು ಹೇಳಿ ಆಕೆ ಮುಂದೆ ಹೋದಳು.

ಮಗ ಧಮ್ಮಪಾಲ ಬೆನ್ನಿಗೆ ಸಿಂಪಡಿಸುವ ಪಂಪು ಹಾಕಿಕೊಂಡು ತೊಗರಿ ಹೊಲದಿಂದ ಬಂದಾಗ ಚಂದಮ್ಮ ರೊಟ್ಟಿ ಬಡಿಯುತ್ತಿದ್ದಳು. ಕುಳಿತಲ್ಲಿಂದಲೇ ಕೂಗಿ ಹೇಳಿದಳು: “ಮೆಂತ್ಯಕ್ಕ ಹೇನು ಹತ್ಯಾವಲೇ, ಎಣ್ಣಿ ಹೊಡಿಬೇಕಂತ.”

ಮರುದಿನ ಮಧುಮತಿ ಮೆಂತ್ಯ ಕೊಯ್ದು, ಎರಡು ಸಲ ತೊಳೆದು, ಒಗ್ಗರಣೆಗೆಂದು ಬುಟ್ಟಿಯಲ್ಲಿ ತಂದಳು. ಚಂದಮ್ಮ ಒಂದು ಎಲೆ ಮೂಸಿದಳು. ಬೇವಿನ ಕಹಿ ವಾಸನೆ ಇಲ್ಲ. ತೊಗರಿ ಹೊಲದಿಂದ ಬಂದ ಮಗನ ಅಂಗಿ ಒಗೆಯುವಾಗ ಬರುವ ಘಾಟು.

“ಬುಟ್ಟಿ ಕೆಳಗಿಡು. ಬಾಯಿಗೇನರ ಹಾಕ್ಕೊಂಡಿಯೇನ?”

“ಇಲ್ರಿ ಅತ್ತಿ. ಯಾಕ?”

ಚಂದಮ್ಮ ಮಗನಿಗೆ ಫೋನು ಹಚ್ಚಿಸಿದಳು. “ಯಾವ ಎಣ್ಣಿ ಹೊಡದಿ?”

“ತೊಗರಿಗಿ ಹೊಡಿಯೋದು. ಪಂಪನ್ಯಾಗ ಉಳದಿತ್ತು. ನೀನೇ ಹೇಳಿದಿ…” ಎಂದ ಧಮ್ಮಪಾಲ.

ನಮ್ಮ ಕಡೆ ಅಡುಗೆಯ ಎಣ್ಣೆಯೂ ಎಣ್ಣಿ, ಹುಳ ಕೊಲ್ಲುವ ವಿಷವೂ ಎಣ್ಣಿ. ‘ಬೇವಿನ’ ಎಂಬ ಒಂದು ಮಾತನ್ನು ಚಂದಮ್ಮ ನುಂಗಿದ್ದಳು. ಕೂಡಲೇ ಮುಮತಾಜಳಿಗೂ ಫೋನು ಹಚ್ಚಿಸಿದಳು.

ಮುಮತಾಜ ಓಡಿ ಬಂದಳು. ಮೊದಲು ಮಧುಮತಿಯ ಕೈ ಸಾಬೂನಿನಿಂದ ತೊಳೆಸಿ ಸೀರೆ ಬದಲಿಸಲು ಹೇಳಿದಳು. “ತೊಳದ್ರ ಈ ವಿಷ ಪೂರಾ ಹೋಗಂಗಿಲ್ರಿ. ಆ ಸೊಪ್ಪು ಆಡಿಗೂ ಹಾಕಬ್ಯಾಡ್ರಿ. ದೂರ, ಬಾವಿಯಿಂದ ಆಚೆ ಕುಣಿ ತೋಡಿ ಮುಚ್ಚಿಬಿಡ್ರಿ. ಯಾರರೆ ತಿಂದಿದ್ರ ಎಣ್ಣಿ ಡಬ್ಬಿ ತಗೊಂಡೇ ದವಾಖಾನಿಗಿ ಓಡಬೇಕಾಗ್ತಿತ್ತು.”

“ಎಲ್ಲಾ ಕಿತ್ತು ಒಗದುಬಿಡ್ರಿ,” ಎಂದಳು ಚಂದಮ್ಮ. “ನನಗ ಈ ಹಿತ್ತಲಾನೇ ಬ್ಯಾಡ. ಸಂತ್ಯಾಗಿಂದು ತಂದು ತಿನ್ನೋಣು.”

ಮಧುಮತಿ ಅತ್ತೆಯ ಪಕ್ಕ ಕುಳಿತಳು. “ಸಂತ್ಯಾಗಿನ ಪಲ್ಯಕ್ಕ ಯಾವ ಎಣ್ಣಿ ಹೊಡದಾರಂತ ಯಾರಿಗಿ ಫೋನ್ ಹಚ್ಚೋಣ್ರಿ? ಇಲ್ಲಾದ್ರ ಕೇಳಾಕ ನಿಮ್ಮ ಮಗ ಅದಾನ.”

ಚಂದಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಂಜೆ ಧಮ್ಮಪಾಲ ಆ ಮಡಿಯ ಸೊಪ್ಪನ್ನೆಲ್ಲ ಹೂಳಿ ಬಂದಾಗ, ಆಕೆ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಹೊಸ ಮಡಿ ಏರಿಸುತ್ತಿದ್ದಳು.

“ನಾ ಕೇಳಬೇಕಿತ್ತವ್ವ,” ಎಂದ ಮಗ.

“ನಾ ಹೇಳಬೇಕಿತ್ತು. ಬೀಜ ಕೊಡ ಇಲ್ಲಿ.”

ಹಿತ್ತಲಿಗೆಂದು ಬೇರೆಯೇ ಒಂದು ಸಣ್ಣ ಪಿಚಕಾರಿ ಬಾಟಲಿ ಬಂತು. ಲೀಟರ್ ನೀರಿಗೆ ಒಂದು ಸಣ್ಣ ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸಾಬೂನು ನೀರು. ಹೊಡೆಯುವುದು ಬಿಸಿಲು ಇಳಿದ ಮೇಲೆ. ತಿಂಗಳಿಗೆ ಹೊಸ ಮೆಂತ್ಯ ಕೊಯ್ಲಿಗೆ ಬಂತು. ಒಂಬತ್ತನೆಯ ತಿಂಗಳಲ್ಲಿ ಮುಮತಾಜ ತಾಯಿ ಕಾರ್ಡಿನಲ್ಲಿ ಹನ್ನೊಂದು ಅಂತ ಬರೆದಳು. ಚಂದಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದಳು.

ಅಕ್ಕಂದಿರೇ, ಅಣ್ಣಂದಿರೇ, ಎರಡು ಹೊರಸಿನಷ್ಟು ಜಾಗ ನಿಮ್ಮಲ್ಲೂ ಇದೆ. ಇಲ್ಲವಾದರೆ ಒಡಕು ಕೊಡ, ಅಡುಗೆಮನೆಯ ಹಳೇ ಡಬ್ಬಿಯಾದರೂ ಇದ್ದೇ ಇವೆ. ಮುಂಗಾರಿಗೆ ಪುಂಡಿ, ಹೀರೆ. ಹಿಂಗಾರಿಗೆ ಮೆಂತ್ಯ, ಪಾಲಕ. ಬೇಸಿಗೆಗೆ ಹಳೇ ಸೀರೆಯ ನೆರಳಲ್ಲಿ ರಾಜಗಿರಿ ಸೊಪ್ಪು. ಬಸುರಿಯಿದ್ದರೆ ಗುಳಿಗೆಯನ್ನೂ ತಪ್ಪಿಸಬೇಡಿ. ಹೊಲದ ಪಂಪನ್ನು ಹಿತ್ತಲಿಗೆ ತರಬೇಡಿ. ಮನೆಯಲ್ಲಿ ಯಾರಾದರೂ “ಎಣ್ಣಿ ಹೊಡಿ” ಎಂದರೆ, ಕೈ ಎತ್ತುವ ಮೊದಲು “ಯಾವ ಎಣ್ಣಿ?” ಎಂದು ಕೇಳಿ. ಕೇಳಿದ್ದಕ್ಕೆ ಯಾರಾದರೂ ನಕ್ಕರೆ ನಗಲಿ. ಆ ಸೊಪ್ಪು ಹೋಗುವುದು ನಮ್ಮ ಮಕ್ಕಳ ತಾಟಿಗೆ.