ಸಣ್ಣ ಕೊಳವೆಯ ಓಲ್ಟ್‌ಮನ್ಸ್

ಫ್ರೀಡ್‌ಹೆಲ್ಮ್ ಓಲ್ಟ್‌ಮನ್ಸ್ ಚಹಾವನ್ನು ಕಲಕಿ ಕುಡಿಯುತ್ತಿದ್ದರು. ಬೇರೆ ಸೀಮೆಯವರಿಗೆ ಹೇಳಿದರೆ ಅದರಲ್ಲೇನು ವಿಶೇಷ ಎಂದಾರು. ಆದರೆ ಜರ್ಮನಿಯ ಕಡಲಂಚಿನ ನಮ್ಮ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ, ಬಟ್ಟಲಿನ ತಳದಲ್ಲಿ ಕಲ್ಲುಸಕ್ಕರೆ, ಅದರ ಮೇಲೆ ಕಡುಗಪ್ಪು ಚಹಾ, ಎಲ್ಲಕ್ಕೂ ಮೇಲೆ ಮೋಡದಂತೆ ಅರಳುವ ಕೆನೆ, ಮೊದಲು ಕೆನೆಯ ಮೃದು, ನಡುವೆ ಒಗರು, ಕಟ್ಟಕಡೆಗೆ ಸಿಹಿ ಎಂಬ ಕ್ರಮವನ್ನು ಅಜ್ಜಿಯರ ಕಾಲದಿಂದ ನಿಷ್ಠೆಯಿಂದ ಪಾಲಿಸಿಕೊಂಡು ಬಂದ ಮನೆಗಳಲ್ಲಿ, ಒಬ್ಬ ಮನುಷ್ಯ ಚಮಚ ಎತ್ತಿ ಗರಗರನೆ ತಿರುಗಿಸಿದನೆಂದರೆ ಅದು ಚರ್ಚಿನಲ್ಲಿ ಸಿಳ್ಳೆ ಹೊಡೆದಷ್ಟೇ ಅಪಚಾರ. ನಮ್ಮ ಮನೆಗೆ ಮೊದಲ ಸಲ ಬಂದ ದಿನ ಅವರು ಹೀಗೆ ಮಾಡಿದ್ದನ್ನು ಕಂಡು ನನ್ನ ಹೆಂಡತಿ ಟಾಲ್ಕೆಯ ಮುಖ ಚಿಕ್ಕದಾಯಿತು.

"ಓಲ್ಟ್‌ಮನ್ಸ್ ಅವ್ರೇ, ಚಹಾ ಸರಿಯಾಗಿಲ್ವಾ?"

"ತುಂಬಾ ಚೆನ್ನಾಗಿದೆಯಮ್ಮಾ. ಆದ್ರೆ ತಳದಲ್ಲಿ ಏನಾದ್ರೂ ಕೂತಿದೆ ಅಂತ ಗೊತ್ತಾದ್ರೆ ನಂಗೆ ತಡ್ಯೋಕಾಗಲ್ಲ."

ಅವರು ನಮ್ಮ ನಗರಸಭೆಯ ಒಳಚರಂಡಿ ಇಂಜಿನಿಯರು. ಹೊಸ ಬಡಾವಣೆ ಎಲ್ಲಿ ಎದ್ದರೂ ಅಲ್ಲಿನ ಕೊಳಚೆ ನೀರು ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಶುದ್ಧವಾಗಬೇಕು, ಶುದ್ಧವಾದದ್ದು ಯಾವ ಕಾಲುವೆಗೆ ಸೇರಬೇಕು ಎಂದು ಕಾಗದದ ಮೇಲೆ ಬರೆಯುವವರು ಅವರು. ಬರೆದದ್ದನ್ನು ಮಣ್ಣಿನಲ್ಲಿ ಹೂಳುವವನು ನಾನು. ಶಾಲೆಯ ಸಹವಾಸ ನನಗೆ ಬೇಗನೆ ಬಿಟ್ಟುಹೋಗಿತ್ತು. ಪೈಪು ಹಾಕುವ ತಂಡದ ಮೇಸ್ತ್ರಿ ನಾನು, ಹೆಸರು ರೆಮ್ಮರ್. ಸಿಟ್ಟಿಗೆ ಹೆಸರಾದವನು.

ಓಲ್ಟ್‌ಮನ್ಸರು ಉದ್ದಕ್ಕೆ ಬೆಳೆದ ಆಳು. ಎದುರುಗಾಳಿ ಇಲ್ಲದ ದಿನವೂ ಗಾಳಿಗೆ ಎದುರಾಗಿ ನಡೆಯುವವರಂತೆ ಮುಂದಕ್ಕೆ ಬಾಗಿ, ಕೊಕ್ಕರೆಯಂತೆ ಕಾಲೆತ್ತಿ ಇಡುವ ನಡಿಗೆ. ಮೊಣಕಾಲು ದಾಟುವ ಬೂದುಬಣ್ಣದ ಉಣ್ಣೆಯ ಕೋಟೊಂದು ಬೇಸಿಗೆ ಚಳಿಗಾಲವೆನ್ನದೆ ಮೈಮೇಲಿರುತ್ತಿತ್ತು. ಅದರ ಮೊಣಕಾಲಿನ ಭಾಗ ಮಾತ್ರ ಸವೆದು ಹೊಳೆಯುತ್ತಿತ್ತು, ಏಕೆಂದರೆ ರಸ್ತೆಯಲ್ಲಿ ಮ್ಯಾನ್‌ಹೋಲಿನ ಮುಚ್ಚಳ ಕಂಡಲ್ಲೆಲ್ಲ ಅವರು ಮಂಡಿಯೂರಿ ಕಿವಿಗೊಡುತ್ತಿದ್ದರು. ಮದುವೆಯ ಮೆರವಣಿಗೆಯಲ್ಲೂ, ಒಮ್ಮೆ ಹೆಣದ ಹಿಂದೆ ನಡೆಯುವಾಗಲೂ ಹೀಗೆ ಕೂತದ್ದನ್ನು ನಾನೇ ನೋಡಿದ್ದೇನೆ. ಯಾರು ಏನು ಹೇಳಿದರೂ ಅವರಿಂದ ಬರುತ್ತಿದ್ದ ಮಾತು ಒಂದೇ, "ಆಮೇಲೆ?" ಮಗಳಿಗೆ ಮದುವೆ ಗೊತ್ತಾಯ್ತು ಎಂದರೆ, ಆಮೇಲೆ? ಹಸು ಕರು ಹಾಕಿತು ಎಂದರೆ, ಆಮೇಲೆ? ಒಮ್ಮೆ ಅವರ ನಕ್ಷೆಯ ಮೇಲೆ ಜಗಳವಾಡಿ ನಾನು ತಲೆಯ ಹೆಲ್ಮೆಟ್ಟನ್ನು ತೆಗೆದು ಗುಂಡಿಗೆ ಬಿಸಾಡಿದೆ. ಅವರು ಗುಂಡಿಗಿಳಿದು ಅದನ್ನೆತ್ತಿ, ಕೋಟಿನ ತೋಳಿನಿಂದ ಒರೆಸಿ ಕೈಗೆ ಕೊಟ್ಟು ಅದೇ ಒಂದು ಪದ ಕೇಳಿದರು.

ಇಂಥ ಮನುಷ್ಯನ ಹೆಸರಿಗೆ ಮೇವೆನ್‌ಕಾಂಪ್ ಎಂಬ ಬಡಾವಣೆ ಮಸಿಯಂತೆ ಅಂಟಿಕೊಂಡಿತ್ತು. ಅದನ್ನು ಯೋಜಿಸಿದವರು ಅವರೇ. ಪುಸ್ತಕದಲ್ಲಿ ಒಬ್ಬ ಮನುಷ್ಯ ದಿನಕ್ಕೆ ಎಷ್ಟು ನೀರು ಬಳಸುತ್ತಾನೆ ಎಂದು ಬರೆದಿತ್ತೋ ಅಷ್ಟಕ್ಕೆ, ಇರಲಿ ಎಂದು ಮೇಲಿಷ್ಟು ಸೇರಿಸಿ, ವಿಶಾಲವಾದ ಪೈಪುಗಳನ್ನು ಹಾಕಿಸಿದ್ದರು. ನಮ್ಮ ನೆಲವೋ ರೊಟ್ಟಿ ತಟ್ಟಿದಂತೆ ಸಪಾಟು. ಪೈಪಿಗೆ ಸಿಕ್ಕ ಇಳಿಜಾರು ಅಷ್ಟಕ್ಕಷ್ಟೆ. ಅಲ್ಲಿಗೆ ಸಂಸಾರ ಹೂಡಲು ಬಂದವರು ನಮ್ಮ ಜನ. ಸ್ನಾನಕ್ಕೆ ಬಿಸಿನೀರು ಬರುವ ತನಕ ಬೀಳುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದು ಗುಲಾಬಿಗೆ ಹಾಕುವವರು, ಸೋಪು ಹಚ್ಚಿಕೊಳ್ಳುವಾಗ ನಲ್ಲಿ ಮುಚ್ಚುವವರು, ಪಾತ್ರೆ ತೊಳೆದ ನೀರಿನಲ್ಲೇ ಬೂಟು ತೊಳೆಯುವವರು. ನೀರುಳಿಸುವುದು ಇಲ್ಲಿ ಭಕ್ತಿಯಷ್ಟೇ ಸಹಜ. ಹೀಗಾಗಿ ಆ ಅಗಲ ಪೈಪಿನಲ್ಲಿ ಬೆರಳೆತ್ತರದ ನೀರು ತೆವಳುತ್ತ, ಹೊತ್ತು ತಂದದ್ದನ್ನೆಲ್ಲ ದಾರಿಯಲ್ಲೇ ಇಳಿಸುತ್ತ ಹೋಗಿ, ಬೇಸಿಗೆ ಬಂತೆಂದರೆ ಬೀದಿಗೆ ಬೀದಿಯೇ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಕೊನೆಗೆ ನಗರಸಭೆಯೇ ಟ್ಯಾಂಕರಿನಲ್ಲಿ ಕುಡಿಯುವ ನೀರು ತಂದು ಪೈಪಿಗೆ ಸುರಿದು ತೊಳೆಯತೊಡಗಿತು. ಜನ ಬಕೆಟ್ಟಿನಲ್ಲಿ ಉಳಿಸಿದ್ದು ಟ್ಯಾಂಕರಿನಲ್ಲಿ ಹೋಗುತ್ತಿತ್ತು.

ಓಲ್ಟ್‌ಮನ್ಸರು ಸುಮ್ಮನಿರಲಿಲ್ಲ. ಮನೆಮನೆಯ ಗಂಟೆ ಬಾರಿಸಿ, ದಯವಿಟ್ಟು ಸ್ವಲ್ಪ ಹೆಚ್ಚು ನೀರು ಬಿಡಿ ಎಂದು ಬೇಡಿಕೊಂಡರು. ಆ ಬಡಾವಣೆಯ ನಿವಾಸಿಗಳ ಸಂಘಕ್ಕೆ ಮುಂದಾಳು ಗೇಶೆ ಡಿರ್ಕ್ಸ್ ಎಂಬಾಕೆ, ನಿವೃತ್ತ ಶಾಲಾ ಶಿಕ್ಷಕಿ, ಬಾಗಿಲಲ್ಲೇ ತಡೆದು ಕೇಳಿದರು:

"ಹೆಂಡ್ತಿ ಮಕ್ಳಿಗೆ ಏನಂತ ಕಲಿಸಿದೀರಿ ಮನೇಲಿ? ನೀರು ಪೋಲು ಮಾಡಿ ಅಂತ ಕೈ ಮುಗ್ಯೋ ಇಂಜಿನಿಯರ್‌ನ ನನ್ನ ಜೀವಮಾನದಲ್ಲಿ ಇವತ್ತೇ ನೋಡಿದ್ದು!"

ಶುದ್ಧೀಕರಣ ಘಟಕದ ತೊಟ್ಟಿಯಲ್ಲಿ ಕೊಳೆಯನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳನ್ನು ಓಲ್ಟ್‌ಮನ್ಸರು 'ನನ್ನ ಹಸುಗಳು' ಎನ್ನುತ್ತಿದ್ದರು. "ಹಳಸಿದ ಮೇವು ಹಾಕಿದ್ರೆ ಹಸು ಮೇಯುತ್ತೇನ್ರೀ? ಪೈಪಲ್ಲಿ ಎರಡು ದಿನ ಕೂತು ಬಂದದ್ದನ್ನ ನನ್ನ ಹಸುಗಳು ಮೂಸಿಯೂ ನೋಡಲ್ಲ," ಎಂದು ಆಕೆಗೆ ತಿಳಿಹೇಳಲು ಹೋದರು. ಗೇಶೆ ಬಾಗಿಲು ಹಾಕಿಕೊಂಡರು.

ಅಷ್ಟರಲ್ಲಿ ಊರಾಚೆಯ ಹಳೆಯ ಸೈನಿಕ ಛಾವಣಿಯ ಜಾಗದಲ್ಲಿ ಮತ್ತೊಂದು ಬಡಾವಣೆಯ ಮಾತು ಬಂತು. ಮೇವೆನ್‌ಕಾಂಪಿನ ಮೂರರಷ್ಟು ದೊಡ್ಡದು, ತನ್ನದೇ ಶುದ್ಧೀಕರಣ ಘಟಕವುಳ್ಳದ್ದು. ನಿವೃತ್ತಿಗೆ ಮುನ್ನ ಅವರ ಕೈಗೆ ಬಂದ ಕಡೆಯ ಯೋಜನೆ. ನಗರಸಭೆ ಒಪ್ಪದಿದ್ದರೆ ಕೆಲಸ ಹೊರಗಿನವರ ಪಾಲಾಗುತ್ತದೆ, ಓಲ್ಟ್‌ಮನ್ಸರು ನಾರುವ ಒಂದು ಬಡಾವಣೆಯನ್ನಷ್ಟೇ ಹೆಸರಿಗೆ ಅಂಟಿಸಿಕೊಂಡು ಮನೆಗೆ ಹೋಗುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಹಾಗಿದ್ದೂ ಅವರು ತಂದ ನಕ್ಷೆ ನೋಡಿ ನನ್ನ ರಕ್ತ ಕುದಿಯಿತು. ಪೈಪುಗಳೆಲ್ಲ ಸಣ್ಣ! ಕಡಿದಾದ ಇಳಿಜಾರು, ಕೊನೆಯಲ್ಲಿ ಆಳದ ಬಾವಿ, ಅಲ್ಲಿಂದ ಪಂಪು ಹಾಕಿ ಮೇಲೆತ್ತಿ ಘಟಕಕ್ಕೆ.

"ಪೈಪು ಕಟ್ಟಿಕೊಂಡ್ರೆ ಅಗ್ಯೋನು ನಾನು, ನೀವಲ್ಲ! ಒಂದ್ಸಲ ನಾರಿಸಿದ್ದು ಸಾಲ್ದಾ?" ಎಂದು ಕಿರುಚಿದೆ.

ಅವರು ನನ್ನ ಅಂಗಳಕ್ಕೆ ಬಂದು, ದಪ್ಪದ್ದೊಂದು ತೆಳ್ಳಗಿನದೊಂದು ಪೈಪನ್ನು ಉದ್ದಕ್ಕೆ ಸೀಳಿಸಿ, ಒಂದೇ ಓಟಕ್ಕೆ, ಅಂದರೆ ಒಂದೇ ಇಳಿಜಾರಿಗೆ, ಅಕ್ಕಪಕ್ಕ ಇಟ್ಟು, ಟಾಲ್ಕೆ ಬೇಯಿಸಿದ ಓಟ್ಸ್ ಗಂಜಿಗೆ ಕಾಗದದ ಚೂರು ಬೆರೆಸಿ ಎರಡರಲ್ಲೂ ಹಾಕಿ, ಎರಡಕ್ಕೂ ಸಮನಾಗಿ ನೀರು ಹೊಯ್ದರು. ದೊಡ್ಡದರಲ್ಲಿ ನೀರು ಅಗಲಕ್ಕೆ ಹರಡಿ ಗಂಜಿಯನ್ನು ಬಿಟ್ಟು ತಾನೊಂದೇ ಹೋಯಿತು. ಸಣ್ಣದರಲ್ಲಿ ಎದೆಯೆತ್ತಿ ಗಂಜಿಯನ್ನು ತಳ್ಳಿಕೊಂಡು ಹೋಯಿತು. ಎರಡನೆಯ ಸಲ ನಾನೇ ಹೊಯ್ದು ನೋಡಿದೆ. ಮತ್ತೆ ಹಾಗೇ ಆಯಿತು. ಟಾಲ್ಕೆ ಮಾತ್ರ, "ಗಂಜಿ ಚೆನ್ನಾಗಿತ್ತಾ ಅಂತ ಒಬ್ರೂ ಕೇಳಲಿಲ್ಲ," ಎಂದಳು.

ಸಾರ್ವಜನಿಕರ ಸಭೆ ಅಗ್ನಿಶಾಮಕ ದಳದ ಹಜಾರದಲ್ಲಿ. ಮೇವೆನ್‌ಕಾಂಪಿನವರೆಲ್ಲ ಮುಂದಿನ ಸಾಲಿನಲ್ಲೇ ಕೂತಿದ್ದರು. ಓಲ್ಟ್‌ಮನ್ಸರು ನಕ್ಷೆ ಬಿಡಿಸುವ ಮೊದಲೇ ಗೇಶೆ ಎದ್ದರು.

"ದೊಡ್ಡ ಪೈಪಲ್ಲೇ ನಾರಿಸಿದೋರು, ಸಣ್ಣದ್ರಲ್ಲಿ ಏನ್ ಮಾಡ್ತೀರಿ? ಈಗ್ಲೂ ನಮಗೆ ನಲ್ಲಿ ತೆರೆಯೋದು ಕಲಿಸೋಕೆ ಬಂದ್ರಾ?"

ಹಜಾರ ನಕ್ಕಿತು. ನಾನು ಎದ್ದು ಬಯ್ಯಬೇಕೆಂದಿದ್ದೆ. ಟಾಲ್ಕೆ ತೋಳು ಹಿಡಿದು ಕೂರಿಸಿದಳು.

ಓಲ್ಟ್‌ಮನ್ಸರು ನಕ್ಷೆಯನ್ನು ಹಾಗೇ ಸುತ್ತಿಟ್ಟು, "ನಿಮ್ಮಲ್ಲಿ ಯಾರ್ಯಾರ ಬಚ್ಚಲಲ್ಲಿ ಬಕೆಟ್ ಇದೆ? ಸ್ವಲ್ಪ ಕೈ ಎತ್ತಿ," ಎಂದರು.

ಯಾರೂ ಎತ್ತಲಿಲ್ಲ. ಮಾತು ಎತ್ತ ತಿರುಗುತ್ತದೋ ಎಂಬ ಅನುಮಾನ. ಅವರು ತಮ್ಮ ಕೈಯನ್ನೇ ಎತ್ತಿದರು. "ನಮ್ಮನೇಲಿದೆ. ನಮ್ಮಮ್ಮ ಇಟ್ಟಿದ್ಲು, ಇವತ್ತಿಗೂ ತೆಗ್ದಿಲ್ಲ." ಆಗ ಗೇಶೆಯ ಕೈ ಮೆಲ್ಲನೆ ಮೇಲಕ್ಕೆ ಹೋಯಿತು, ಅದನ್ನು ಕಂಡು ಇನ್ನೊಂದು, ಮತ್ತೊಂದು, ಕಡೆಗೆ ಹಜಾರದ ತುಂಬ ಕೈಗಳೇ.

"ನೋಡಿ, ಇದೇ ನಾನು ಮಾಡಿದ ತಪ್ಪು. ನನ್ನ ಬಚ್ಚಲಲ್ಲೇ ಇದ್ದ ಬಕೆಟ್ಟನ್ನ ಲೆಕ್ಕಕ್ಕೆ ತಗೊಳ್ಳದೆ ಪುಸ್ತಕದಲ್ಲಿದ್ದ ಯಾರೋ ಜನರಿಗೆ ಪೈಪ್ ಹಾಕ್ದೆ. ಆಮೇಲೆ ನೀವು ಅವರ ಥರ ಬದುಕ್ಲಿಲ್ಲ ಅಂತ ನಿಮ್ಮ ಮನೆ ಬಾಗಿಲಿಗೇ ಬಂದೆ. ಇನ್ನು ಬರಲ್ಲ. ಈ ಸಲ ಪೈಪೇ ನಿಮ್ಮ ಅಳತೆಗೆ ಬರುತ್ತೆ."

ಗೇಶೆ ನಿಂತೇ ಇದ್ದರು. "ಅಂದ್ರೆ ನಾನು ಅಲ್ಲಿಗೆ ಮನೆ ಬದಲಾಯಿಸಿದ್ರೂ ನನ್ನ ಬಕೆಟ್ ಇರಬಹುದು?"

"ಇರ್ಲಿ. ಇರ್ಲೇಬೇಕು."

"ಕ್ರಿಸ್ಮಸ್‌ಗೆ ಮನೆ ತುಂಬಾ ನೆಂಟ್ರು ಬಂದ್ರೆ?"

"ಅಷ್ಟಕ್ಕೆ ಜಾಗ ಇದೆ. ನಿಮ್ಮ ನೆಂಟ್ರೂ ಇದೇ ಸೀಮೆಯವ್ರು ತಾನೇ?"

ಈ ಸಲದ ನಗು ಬೇರೆ ಬಗೆಯದಾಗಿತ್ತು. ನಗರಸಭೆಯಲ್ಲಿ ಯೋಜನೆ ಕೂದಲೆಳೆಯಲ್ಲಿ ಪಾಸಾಯಿತು. ವಿರೋಧಿಸಿದವರು, ಪೈಪು ಕಟ್ಟಿಕೊಂಡ ದಿನ ನಿಮ್ಮನ್ನು ಹುಡುಕಿಕೊಂಡು ಬರುತ್ತೇವೆ ಎಂದು ಹೇಳಿಯೇ ಎದ್ದುಹೋದರು.

ಒಂದು ವರ್ಷವೆಲ್ಲ ಕೆಸರಿನಲ್ಲಿ ನಿಂತು ನಾವು ಆ ಸಣ್ಣ ಪೈಪುಗಳನ್ನು ಹೂಳಿದೆವು. ಓಟ ಒಂದು ಎಳೆ ತಪ್ಪಿದರೂ ಓಲ್ಟ್‌ಮನ್ಸರು ಅಗೆದು ತೆಗೆಸುತ್ತಿದ್ದರು. ನಾನು ಬೈಯುತ್ತಿದ್ದೆ, ತೆಗೆಯುತ್ತಿದ್ದೆ. ಮೊದಲ ಮನೆಗಳಿಗೆ ಸಂಸಾರಗಳು ಬಂದ ಬೆಳಿಗ್ಗೆ, ಘಟಕದ ಬಾಯಿಗೆ ಸಮೀಪದ ಕಡೆಯ ಮ್ಯಾನ್‌ಹೋಲನ್ನು ತೆರೆದು ಇಬ್ಬರೂ ಅಂಚಿನಲ್ಲಿ ಕೂತೆವು. ಬಹಳ ಹೊತ್ತು ಏನೂ ಇಲ್ಲ. ಇಷ್ಟು ಕಡಿಮೆ ನೀರಿಗೆ ಎಲ್ಲ ನಡುದಾರಿಯಲ್ಲೇ ಕೂತುಬಿಟ್ಟಿರಬೇಕೆಂದು ನನಗೆ ಅನ್ನಿಸಿತು. ಓಲ್ಟ್‌ಮನ್ಸರು ಮಂಡಿಯೂರಿ ಕಿವಿಗೊಟ್ಟರು. ಆಮೇಲೆ ಕತ್ತಲೊಳಗಿಂದ ಸಣ್ಣದೊಂದು ಸದ್ದು ಕೇಳಿ, ನೀರು ಎದೆಯೆತ್ತಿಕೊಂಡು ಬಂತು. ಯಾರದೋ ಮನೆಯ ಸೋಪಿನ ನೊರೆ, ಆಲೂಗಡ್ಡೆಯ ಸಿಪ್ಪೆ, ಅದರ ಬೆನ್ನಿಗೇ ಮಿಕ್ಕದ್ದೆಲ್ಲ, ಎಲ್ಲೂ ನಿಲ್ಲದೆ ನಮ್ಮ ಕಾಲಡಿಯಲ್ಲಿ ಹಾದು ಹೋಯಿತು. ವಾಸನೆಯೂ ಹಸಿಯಾಗಿತ್ತು, ಹಳಸಿರಲಿಲ್ಲ. ಜಲಪಾತವನ್ನು ಕಂಡವರಂತೆ ಅವರು ಅದನ್ನು ನೋಡುತ್ತಲೇ ಇದ್ದರು.

ಮನುಷ್ಯರಿಗಾಗಿ ಯೋಜನೆ ಮಾಡುವವರಲ್ಲಿ ಹೆಚ್ಚಿನವರು ಮೊದಲು ಅಂಗಿ ಹೊಲಿದು, ಆಮೇಲೆ ಅದಕ್ಕೆ ಸರಿಹೊಂದದ ಮೈಯನ್ನು ಬೈಯುತ್ತಾರೆ. ಓಲ್ಟ್‌ಮನ್ಸರ ಜಾತಿಯವರು ಅಪರೂಪ. ಅವರೂ ಅಂಥ ಅಂಗಿ ಹೊಲಿದವರೇ, ಆದರೆ ಒಂದು ದಿನ ಕತ್ತರಿಯನ್ನು ಕೆಳಗಿಟ್ಟು, ಎದುರಿಗಿರುವ ಜನ ಮುಂಜಾನೆ ಏನು ಮಾಡುತ್ತಾರೆ, ಏನನ್ನು ಬಚ್ಚಿಡುತ್ತಾರೆ, ಯಾವ ಹಠವನ್ನು ಬಿಡಲಾರರು ಎಂದು ಕುತೂಹಲದಿಂದ ನೋಡತೊಡಗುತ್ತಾರೆ. ನಮ್ಮ ಜಿಪುಣತನವನ್ನು ತಿದ್ದಹೊರಟ ಪಾದ್ರಿಗಳು, ಮೇಷ್ಟ್ರುಗಳು, ಮುಖಂಡರು ಎಷ್ಟೋ ಮಂದಿ ಬಂದುಹೋದರು, ಒಬ್ಬರಿಂದಲೂ ಆಗಲಿಲ್ಲ. ಅದಕ್ಕೆ ತಕ್ಕ ಇಳಿಜಾರು ಕೊಟ್ಟವರು ಇವರೊಬ್ಬರೇ.